ಕಾಲು ನೆಲಕ್ಕೆ ಸಿಗಬೇಕು

ಹಿಂದೂಪುರದಲ್ಲಿ ಕಾಲೇಜು ಓದುವ ನನ್ನ ಮಗಳ ಮಗ ಹೋದ ವರ್ಷ ಫೋನು ಮಾಡಿ, "ತಾತಾ, ಇಲ್ಲೊಂದು ರೇಸ್ ಸೈಕಲ್ ಮಾರಾಟಕ್ಕೈತೆ. ಹಳೇದು. ಆರು ಸಾವಿರಕ್ಕೆ ಕೊಡ್ತಾರಂತೆ. ನೋಡೋಕೆ ಬಾ" ಅಂದ. ಎತ್ತು ಕೊಳ್ಳುವಾಗ ಊರೋರು ನನ್ನನ್ನು ಕರೆಯೋದುಂಟು. ಸೈಕಲ್ ನೋಡೋಕೆ ಕರೆದದ್ದು ಅದೇ ಮೊದಲು. ಹೊಲದ ಕೆಲಸ ಬಿಟ್ಟು ಕಲ್ಯಾಣದುರ್ಗದಲ್ಲಿ ಬಸ್ಸು ಹತ್ತಿದೆ. ಹಾಗೆ ಹೊರಟದ್ದಕ್ಕೆ ಒಂದು ಹಳೇ ಕಾರಣ ಇತ್ತು.

ಆ ಹುಡುಗನ ತಾಯಿ, ಅಂದರೆ ನನ್ನ ಮಗಳು, ಊರಿನ ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿದಾಗ ಹೈಸ್ಕೂಲು ಐದು ಕಿಲೋಮೀಟರು ದೂರ. ನಾನೊಬ್ಬನೇ ಕಲ್ಯಾಣದುರ್ಗಕ್ಕೆ ಹೋಗಿ ಅವಳಿಗೊಂದು ಹಳೇ ಸೈಕಲ್ ತಂದೆ. ಚಕ್ರ ನೆಟ್ಟಗಿತ್ತು, ಬ್ರೇಕು ಹಿಡೀತಿತ್ತು, ಬೆಲೆ ನಾನೂರು ರೂಪಾಯಿ. ಎಲ್ಲಾ ನೋಡಿದೆ, ಒಂದು ಬಿಟ್ಟು. ಅದು ೨೪ ಇಂಚಿನ ಬಾರ್ ಸೈಕಲ್ಲು.

೨೪ ಅಂದರೆ ಚಕ್ರದ ಅಳತೆ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ನಮ್ಮ ಹಳೇ ಕರೀ ಸೈಕಲ್ಲುಗಳಲ್ಲಿ ೨೨ಕ್ಕೂ ೨೪ಕ್ಕೂ ಚಕ್ರ ಒಂದೇ, ೨೮ ಇಂಚು. ೨೨, ೨೪ ಅನ್ನೋದು ಪೆಡಲಿನ ಅಚ್ಚಿನಿಂದ ಸೀಟಿನ ಕಡೆಗೆ ನಿಂತಿರೋ ಕೊಳವೆಯ ಉದ್ದ. ಅದು ಉದ್ದ ಆದಷ್ಟೂ ಬಾರು ಮೇಲಕ್ಕೆ ಹೋಗುತ್ತೆ. "ಬೆಳೆಯೋ ಹುಡುಗಿ, ಬರೋ ವರ್ಷಕ್ಕೆ ಸರಿಹೋಗುತ್ತೆ" ಅಂದುಕೊಂಡೆ. ಲಂಗ ಹೊಲಿಸುವಾಗ ಮಡಿಕೆ ಬಿಡಿಸ್ತೀವಲ್ಲ, ಹಂಗೆ.

ಮಗಳು ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿದುಕೊಂಡೇ ಹೋಗುತ್ತಿದ್ದಳು. ಒಂದು ದಿನ ಲಂಗ ಚೈನಿಗೆ ಸಿಕ್ಕಿತು. ಕಾಲೂರಿ ನಿಲ್ಲೋಣ ಅಂದರೆ ನೆಲ ಎಟುಕಲಿಲ್ಲ. ಜಲ್ಲಿ ಮೇಲೆ ಬಿದ್ದು ಮುಂಗೈ ಮುರೀತು. ಮೂಳೆ ಕೂಡಿತು. ಶಾಲೆಗೆ ಮಾತ್ರ ತಿರುಗಿ ಹೋಗಲಿಲ್ಲ. ಅವಳು ಹೆದರಿದ್ದಳು, ನಾನೂ ಒತ್ತಾಯ ಮಾಡಲಿಲ್ಲ. ಸೈಕಲ್ಲಿನಲ್ಲಿ ಏನೂ ದೋಷ ಇರಲಿಲ್ಲ. ಅದು ಅವಳ ಆಳಿಗೆ ತಕ್ಕದ್ದಲ್ಲ, ಅಷ್ಟೇ.

ಹಿಂದೂಪುರದ ಸೈಕಲ್ಲು ನೋಡೋಕೆ ಚೆಂದ. ಹ್ಯಾಂಡಲ್ಲು ಟಗರಿನ ಕೊಂಬಿನಂಗೆ ಬಾಗಿತ್ತು, ಟೈರು ಹೆಬ್ಬೆರಳಷ್ಟು ದಪ್ಪ. ಕೊಳವೆ ಮೇಲೆ ೫೮ ಅಂತ ಚೀಟಿ ಇತ್ತು. ಈ ಸೈಕಲ್ಲುಗಳಿಗೆ ಅದೇ ಅಳತೆಯನ್ನು ಸೆಂಟಿಮೀಟರಿನಲ್ಲಿ ಹೇಳ್ತಾರೆ. ೫೮ ಅಂದರೆ ಹತ್ತಿರ ಹತ್ತಿರ ೨೩ ಇಂಚು. ನಮ್ಮ ಹುಡುಗ ಐದಡಿ ಐದಿಂಚು. ನನ್ನ ಎದೆ ಡವ್ ಅಂತು.

"ಬಾರಿನ ಆ ಕಡೆ ಈ ಕಡೆ ಕಾಲು ಹಾಕಿ ನಿಂತ್ಕೊಳ್ಳಪ್ಪಾ" ಅಂದೆ. ಪಾದ ಪೂರ್ತಿ ಊರಿ ನಿಂತಾಗ ಬಾರಿಗೂ ಮೈಗೂ ಮಧ್ಯೆ ಒಂದು ಇಂಚಾದರೂ ಸಂದು ಇರಬೇಕು. ಇವನು ತುದಿಗಾಲಲ್ಲಿ ನಿಂತಿದ್ದ.

"ಸೀಟು ಇಳಿಸಿದರೆ ಸರಿಹೋಗುತ್ತೆ ತಾತಾ" ಅಂದರು ಮಾರುವವರು. ಇಳಿಸಿದರು. ನಾನು ಸೈಕಲ್ ಹಿಡಿದುಕೊಂಡು ಹುಡುಗನನ್ನು ಕೂರಿಸಿದೆ. ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಪೂರಾ ಕೆಳಕ್ಕೆ ಒತ್ತಿದರೆ ಮೊಣಕಾಲು ನೆಟ್ಟಗಾಗಬೇಕು. ಮುಂಗಾಲಿನಲ್ಲಿ ತುಳಿಯುವಾಗ ಸ್ವಲ್ಪ ಬಾಗಿರಬೇಕು. ಸೊಂಟ ಹೊಯ್ದಾಡಿದರೆ ಸೀಟು ಎತ್ತರ ಅಂತ ಅರ್ಥ. ಅಲ್ಲೀಗಂಟ ಸರಿ ಬಂತು. ಹ್ಯಾಂಡಲ್ಲು ಹಿಡಿದಾಗ ಮಾತ್ರ ಮೊಣಕೈ ಬಡಿಗೆಯಂಗೆ ಬಿಗೀತು, ಭುಜ ಕಿವಿ ಹತ್ತಿರ ಬಂತು. ಸೀಟು ಏರುತ್ತೆ, ಇಳಿಯುತ್ತೆ. ಹ್ಯಾಂಡಲಿನ ಕತ್ತು ಗಿಡ್ಡದು ಹಾಕಿಸಿದರೆ ಒಂದಂಗುಲ ಸಿಗಬಹುದು. ಬಾರು ಗಿಡ್ಡ ಆಗಲ್ಲ.

ಭಜನೆಯಲ್ಲಿ ಹಾರ್ಮೋನಿಯಂನೋರು ನನಗಾಗದ ಎತ್ತರಕ್ಕೆ ಶ್ರುತಿ ಇಟ್ಟರೆ ಮೊದಲನೇ ಪದ ಹೆಂಗೋ ಹಾಡಿಬಿಡ್ತೀನಿ. ನಾಲ್ಕನೇದಕ್ಕೆ ಗಂಟಲು ಹರಿಯುತ್ತೆ. ಸೈಕಲ್ಲೂ ಹಂಗೇ. ಬೀದಿ ಕೊನೆಗೆ ಹೋಗಿಬಂದರೆ ಏನೂ ಗೊತ್ತಾಗಲ್ಲ. ಲೇಪಾಕ್ಷಿಗೆ ಹೋಗಿಬಂದರೆ ಕತ್ತು, ಸೊಂಟ, ಮಂಡಿ ಎಲ್ಲಾ ಹೇಳ್ತವೆ. "ಬೇಡಪ್ಪಾ" ಅಂದೆ. ಹುಡುಗನ ಮುಖ ಸಣ್ಣಗಾಯ್ತು.

ರಾತ್ರಿ ಅವನೇ ಒಂದು ಲೆಕ್ಕ ಹೇಳಿದ. ಟೂರ್ ದ ಫ್ರಾನ್ಸ್ ಅನ್ನೋ ದೊಡ್ಡ ಪಂದ್ಯವನ್ನು ೧೯೮೬, ೧೯೮೯, ೧೯೯೦ರಲ್ಲಿ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಹೇಳಿಕೊಟ್ಟ ಲೆಕ್ಕವಂತೆ. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ತೊಡೆಸಂದಿಗೆ ಒಂದು ಪುಸ್ತಕ ಒತ್ತಿ ಹಿಡಿದು, ನೆಲದಿಂದ ಪುಸ್ತಕದ ಮೇಲಂಚಿಗೆ ಅಳೆಯಬೇಕು. ಅದನ್ನು ೦.೮೮೩ರಿಂದ ಗುಣಿಸಿದರೆ ಪೆಡಲಿನ ಅಚ್ಚಿನಿಂದ ಸೀಟಿನ ಮೇಲಕ್ಕೆ ಇರಬೇಕಾದ ಅಳತೆ ಬರುತ್ತೆ. ಅವನದು ೭೮ ಸೆಂಟಿಮೀಟರು, ಸೀಟು ೬೯ಕ್ಕೆ ಬಂತು. ಮೇಷ್ಟ್ರುಗಳು ಇದನ್ನು ಮಕ್ಕಳ ಕೈಲಿ ಮಾಡಿಸಿ ನೋಡಬಹುದು.

ಎರಡು ತಿಂಗಳು ಕಾದ ಮೇಲೆ ೫೨ರ ಸೈಕಲ್ಲೊಂದು ಸಿಕ್ಕಿತು. ಬಣ್ಣ ಹೋಗಿತ್ತು, ಬೆಲೆ ಏಳು ಸಾವಿರ. ಮೇಲಿನ ಒಂದು ಸಾವಿರ ನಾನು ಕೊಟ್ಟೆ. ಹಳೇ ಸೈಕಲ್ ಕೊಳ್ಳೋರಿಗೆ ನಾನು ಹೇಳೋದು ಇಷ್ಟೇ. ಬೆಲೆ ಆಮೇಲೆ ನೋಡಿ, ಬಣ್ಣ ಅದಕ್ಕೂ ಆಮೇಲೆ. ತುಳಿಯೋರನ್ನು ಜೊತೆಗೆ ಕರಕೊಂಡು ಹೋಗಿ. ಅವತ್ತು ಕಲ್ಯಾಣದುರ್ಗಕ್ಕೆ ನಾನೊಬ್ಬನೇ ಹೋಗಿದ್ದೆ.

ಸೈಕಲ್ ಮನೆಗೆ ತಂದಾಗ ಮಗಳು ಬಾಗಿಲಿಗೆ ಬಂದಳು. ಎಷ್ಟು ಕೊಟ್ರಿ ಅಂತ ಕೇಳಲಿಲ್ಲ. "ಕಾಲು ನೆಲಕ್ಕೆ ಸಿಗುತ್ತೇನೋ?" ಅಂದಳು. ಹುಡುಗ ಎರಡು ಕಾಲೂ ಊರಿ ನಿಂತು ತೋರಿಸಿದ. ಅವಳು ಒಂದು ಸಲ ನನ್ನ ಮುಖ ನೋಡಿ, ಕಾಫಿ ತರೋಕೆ ಒಳಗೆ ಹೋದಳು.