ಮೇಲ್ಮೇಲೆ ತೆಗಿ, ಸಾಕು

ಡಿಸೆಂಬರ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಎಂಟೂವರೆ. ತಿಪಟೂರಿನ ಕಟಿಂಗ್ ಶಾಪೊಂದರ ಬೆಂಚಿನ ಮೇಲೆ ಗೋಡೆಗೆ ಒರಗಿ ಕೂತಿದ್ದೀರಿ. ನಿಮ್ಮ ಪಾಳಿ ಬರಲು ಇನ್ನೂ ಹೊತ್ತಿದೆ. ಕುರ್ಚಿಯ ಮೇಲಿರುವುದು ಒಂಬತ್ತನೇ ಕ್ಲಾಸಿನ ಮಗು. ಕುತ್ತಿಗೆಗೆ ಬಿಳಿ ಬಟ್ಟೆ ಬಿಗಿದಾಗಿದೆ. ಬಟ್ಟೆಯೊಳಗೆ ಎರಡೂ ಕೈ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿರುವುದು ಅದು ಉಬ್ಬಿರುವ ರೀತಿಯಲ್ಲೇ ಗೊತ್ತಾಗುತ್ತದೆ. ಎದುರಿಗೆ ಗೋಡೆಯಗಲದ ಕನ್ನಡಿ. ಅವಳು ಅದನ್ನು ನೋಡುತ್ತಿಲ್ಲ. ಕಣ್ಣು ಕೆಳಗೆ, ಸಾಲಾಗಿ ಜೋಡಿಸಿಟ್ಟ ಬಾಚಣಿಗೆಗಳ ಮೇಲಿದೆ.

"ಸ್ಕೂಲ್ ಕಟಿಂಗಾ ಅಣ್ಣ?" ಅಂಗಡಿಯವನು ಮಿಷಿನ್ ಕೈಗೆತ್ತಿಕೊಳ್ಳುತ್ತಾನೆ. ಕೇಳಿದ್ದು ನಿಮ್ಮ ಪಕ್ಕದಲ್ಲಿ ಕೂತ ಅಪ್ಪನನ್ನು. ಅವರು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವರು. ಹೋದ ವರ್ಷದವರೆಗೆ ಈ ಪ್ರಶ್ನೆಗೆ "ಮಿಷಿನ್ ಹೊಡಿ" ಎಂಬುದೊಂದೇ ಉತ್ತರ. ಇವತ್ತು ಅವರು ಪೇಪರ್ ಮಡಿಸುತ್ತಾರೆ, ಮತ್ತೆ ಬಿಚ್ಚುತ್ತಾರೆ.

"ಮಿಷಿನ್ ಬೇಡ. ಕತ್ತರೀಲಿ ಮೇಲ್ಮೇಲೆ ತೆಗಿ, ಸಾಕು."

"ಪೀಟಿ ಮೇಷ್ಟ್ರು ಬೈಯಲ್ವಾ?"

"ನಾನ್ ಮಾತಾಡ್ತೀನಿ ಬಿಡು."

ಸಿನಿಮಾ ಆಗಿದ್ದರೆ ಈ ಹೊತ್ತಿಗೆ ಅಪ್ಪ ಅಳಬೇಕಿತ್ತು, ಮಗುವನ್ನು ತಬ್ಬಿಕೊಳ್ಳಬೇಕಿತ್ತು. ಇಲ್ಲಿ ಅವರು ಪೇಪರಿನಲ್ಲಿ ಕೊಬ್ಬರಿ ರೇಟು ಹುಡುಕುತ್ತಿದ್ದಾರೆ. ಬಟ್ಟೆಯೊಳಗಿನ ಕೈ ಮಾತ್ರ ಸ್ವಲ್ಪ ಸಡಿಲವಾಯಿತು.

ಹೆಸರು ಕೇಳಬೇಡಿ. ಇಂಥ ಹಲವು ಮನೆಗಳ ಮಾತು ಸೇರಿ ಆದ ಮನೆ ಇದು. ಊರನ್ನೂ ಬೇಕಾದರೆ ಬದಲಿಸಿಕೊಳ್ಳಿ. ಎರಡು ವರ್ಷದ ಹಿಂದೆ ನೀವು ಇಲ್ಲಿಗೆ ಬಂದಿದ್ದರೆ ಕಾಣುತ್ತಿದ್ದದ್ದೇ ಬೇರೆ. ಬೀರುವಿನ ತಳದ ಖಾನೆಯಲ್ಲಿ ಸೋದರತ್ತೆ ಮಗಳ ಹಳೇ ಚೂಡಿದಾರ ಸಿಕ್ಕ ರಾತ್ರಿ ಅಪ್ಪ ಬೆಲ್ಟ್ ಬಿಚ್ಚಿದರು. ಅಮ್ಮ ಅಡ್ಡ ಬರಲಿಲ್ಲ. ಆಮೇಲೆ ಶಾಸ್ತ್ರ ಕೇಳಿಸಿದರು, ತಾಯತ ಕಟ್ಟಿಸಿದರು, ಕಬಡ್ಡಿಗೆ ಸೇರಿಸಿದರು. ಸೋದರಮಾವ "ಗಂಡಸ್ತನದ ಇಂಜೆಕ್ಷನ್" ಕೊಡುವವರೊಬ್ಬರ ವಿಳಾಸ ತಂದರು. ಹೀಗೆ ಮಕ್ಕಳನ್ನು "ಬದಲಾಯಿಸಲು" ಹೊರಡುವ ಚಿಕಿತ್ಸೆಯನ್ನು ಮದ್ರಾಸ್ ಹೈಕೋರ್ಟಿನ ಸೂಚನೆಯ ಮೇಲೆ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ವೃತ್ತಿ ದುರ್ನಡತೆ ಎಂದು ಸಾರಿದೆ. ಆದರೆ ಆಯೋಗದ ಸುತ್ತೋಲೆ ಓದಿಕೊಂಡು ಯಾವ ಸೋದರಮಾವ ವಿಳಾಸ ತರುತ್ತಾನೆ? ಆ ಇಂಜೆಕ್ಷನ್ ತಪ್ಪಿದ್ದು, ಆ ವಾರ ಮಂಡಿಯಿಂದ ದುಡ್ಡು ಬರಲಿಲ್ಲ ಎಂಬ ಕಾರಣಕ್ಕೆ.

ಕಟಿಂಗ್ ಮುಗಿಸಿ ಬಂದವರ ಹಿಂದೆಯೇ ಒಳಗೆ ಬನ್ನಿ. ಅಜ್ಜಿ ಜಗಲಿಯ ಮೇಲೆ ಮೊರದ ತುಂಬ ಅವರೆಕಾಯಿ ಹರಡಿಕೊಂಡು ಬಿಡಿಸುತ್ತಿದ್ದಾರೆ. ಅವರೆಯ ಸೊಗಡು ಬೀದಿವರೆಗೂ ಇದೆ. ಮಗು ಬಂದು ಪಕ್ಕದಲ್ಲಿ ಕೂತು ಕಾಯಿಗೆ ಕೈ ಹಾಕುತ್ತದೆ. ಅಜ್ಜಿ ತಲೆ ಸವರಿ, "ನೋಡು, ಈ ಸಲ ಕುರಿ ಬೋಳ್ಸಿದಂಗೆ ಬೋಳ್ಸಿಲ್ಲ" ಎನ್ನುತ್ತಾ ಹೊಸ ಹೆಸರು ಹಿಡಿದೇ ಕರೆಯುತ್ತಾರೆ.

ಆ ಹೆಸರನ್ನು ಈ ಮನೆಯಲ್ಲಿ ಮೊದಲು ಕರೆದವರು ಅಜ್ಜಿಯೇ. ಅದು ಅವರ ತಾಯಿಯ ಹೆಸರು. ಮಗು ಯಾವುದೋ ಸೀರಿಯಲ್ ಹೆಸರು ಆರಿಸಿಕೊಂಡಿದ್ದರೆ ಎಷ್ಟು ಕಾಲ ಬೇಕಾಗುತ್ತಿತ್ತೋ. "ಮನೆ ಹೆಸ್ರೇ ಇಟ್ಕೊಂಡದೆ, ನಿಮಗೇನ್ ಕಷ್ಟ?" ಎಂದು ಮಗನನ್ನೂ ಸೊಸೆಯನ್ನೂ ಕೇಳಿದ್ದರಂತೆ. 2018ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಸ್ಟೀಫನ್ ರಸೆಲ್ ಮತ್ತು ಸಂಗಡಿಗರು ಇಂಥ ಎಳೆಯರನ್ನು ಅವರದೇ ಹೆಸರಿನಿಂದ ಕರೆದರೆ ಏನಾಗುತ್ತದೆಂದು ಅಳೆದು ನೋಡಿದ್ದರು. 129 ಮಂದಿಯ ಸಣ್ಣ ಅಧ್ಯಯನ ಅದು. ಮನೆ, ಶಾಲೆ, ಕೆಲಸದ ಜಾಗ, ಗೆಳೆಯರ ಗುಂಪು ಇವುಗಳಲ್ಲಿ ಇನ್ನೂ ಒಂದು ಕಡೆ ತಾವು ಆರಿಸಿಕೊಂಡ ಹೆಸರಿನಿಂದ ಕರೆಸಿಕೊಂಡರೂ ಆ ಎಳೆಯರಲ್ಲಿ ಸಾಯುವ ಯೋಚನೆ ಶೇ. 29ರಷ್ಟು ಕಡಿಮೆ ಕಂಡಿತ್ತು. ಅಮ್ಮನ ನಾಲಿಗೆಗೆ ಮಾತ್ರ ಆ ಹೆಸರು ಇನ್ನೂ ಬಂದಿಲ್ಲ. ಅವರು "ಚಿನ್ನಿ" ಎನ್ನುತ್ತಾರೆ. ಕೂಸಾಗಿದ್ದಾಗ ಕರೆಯುತ್ತಿದ್ದುದನ್ನೇ ಎತ್ತಿ ತಂದಿದ್ದಾರೆ.

ಅಜ್ಜಿಗೆ ಧೈರ್ಯ ಬಂದದ್ದು ಟೀವಿಯಿಂದ. 2021ರ ನವೆಂಬರಿನಲ್ಲಿ ಪದ್ಮಶ್ರೀ ತೆಗೆದುಕೊಳ್ಳಲು ಹೋದ ಮಂಜಮ್ಮ ಜೋಗತಿ ಸೆರಗಿನಿಂದ ರಾಷ್ಟ್ರಪತಿಗೇ ದೃಷ್ಟಿ ತೆಗೆದದ್ದನ್ನು ಅವರು ನೋಡಿದ್ದರು. ಬಳ್ಳಾರಿ ಸೀಮೆಯ ಮಂಜಮ್ಮನವರನ್ನು ಹದಿಹರೆಯದಲ್ಲಿ ಮನೆಯವರು ಹುಲಿಗೆಮ್ಮನ ಸನ್ನಿಧಿಗೆ ಕರೆದೊಯ್ದು ಜೋಗಪ್ಪನ ದೀಕ್ಷೆ ಕೊಡಿಸಿದ್ದರು. ಆ ಕಡೆಯ ಹಿಂದಿನ ಹೆತ್ತವರಿಗೆ ಹೀಗೊಂದು ದಾರಿ ಇತ್ತು. ದೇವಿಗೆ ಒಪ್ಪಿಸಿದರೆ ಮಗುವಿಗೆ ಊರಲ್ಲೊಂದು ಜಾಗ ಸಿಗುತ್ತಿತ್ತು, ಮನೆಯೊಳಗಿನ ಜಾಗ ಹೋಗುತ್ತಿತ್ತು. ಈ ಮನೆಯಲ್ಲೂ ಯಾರೋ ನೆಂಟರು ಆ ಮಾತು ಎತ್ತಿದಾಗ ಅಜ್ಜಿ, "ದೇವ್ರಿಗೆ ಬಿಡಾದೇನೂ ಬೇಡ, ನಮ್ಮನೇಲೇ ಉಣ್ಲಿ" ಎಂದು ಎದ್ದು ಹೋದರಂತೆ.

ಮಂಗಳವಾರ ನಸುಕಿಗೆ ಬೆಂಗಳೂರಿನ ರೈಲು. ಅಪ್ಪ, ಅಮ್ಮ, ನಡುವೆ ಅವಳು. ಎದುರು ಸೀಟು ನಿಮ್ಮದು. ಬಾಣಸಂದ್ರ ದಾಟುವ ಹೊತ್ತಿಗೆ ಅಮ್ಮ ಚಿತ್ರಾನ್ನದ ಡಬ್ಬಿ ಬಿಚ್ಚುತ್ತಾರೆ, ನಿಮಗೂ ಒಂದು ಮುಚ್ಚಳದಲ್ಲಿ ಹಾಕಿ ಕೊಡುತ್ತಾರೆ. ಗುಬ್ಬಿಯಲ್ಲಿ ರೈಲು ನಿಂತಾಗ ಅಪ್ಪನಿಗೆ ಏನೋ ಹೊಳೆದಂತಿದೆ. "ನಮ್ಮಜ್ಜ ಗುಬ್ಬಿ ಕಂಪ್ನಿ ನಾಟ್ಕಕ್ಕೆ ಗಾಡಿ ಕಟ್ಕೊಂಡು ಬರ್ತಿದ್ರಂತೆ. ಆಗೆಲ್ಲ ಗಂಡಸ್ರೇ ಸೀರೆ ಉಟ್ಕೊಂಡು ಪಾರ್ಟ್ ಮಾಡೋರು. ಯಾರೂ ಏನೂ ಅಂತಿರ್ಲಿಲ್ಲ." ಸಮಾಧಾನ ಹೇಳುತ್ತಿದ್ದಾರೆ ಪಾಪ, ಮಗುವಿಗೋ ತಮಗೋ.

"ಅದು ವೇಷ ಅಪ್ಪ," ಅವಳು ಕಿಟಕಿಯ ಕಡೆಯಿಂದ ಮುಖ ತಿರುಗಿಸದೆ ಹೇಳುತ್ತಾಳೆ. "ಈಗ ಹಾಕ್ಕೊಂಡಿದೀನಲ್ಲ, ಪ್ಯಾಂಟು ಶರ್ಟು, ನಂಗೆ ಇದೇ ವೇಷ."

ದನಿ ನಡುವೆ ಒಡೆಯಿತು. ಹೋದ ಮಳೆಗಾಲದಲ್ಲಿ ಶುರುವಾದದ್ದು. ಮಾತು ಮುಗಿಸಿದ ತಕ್ಷಣ ಅವಳು ತುಟಿ ಒತ್ತಿ ಹಿಡಿದದ್ದನ್ನು ನೀವು ನೋಡಿದಿರಿ, ಅಮ್ಮನೂ ನೋಡಿದರು.

ತುಮಕೂರು ಬಿಟ್ಟ ಮೇಲೆ ಬೋಗಿಯ ಆ ತುದಿಯಿಂದ ಚಪ್ಪಾಳೆ ಕೇಳುತ್ತದೆ. ಇಬ್ಬರು ಮಂಗಳಮುಖಿಯರು ಸೀಟಿನಿಂದ ಸೀಟಿಗೆ ಬರುತ್ತಿದ್ದಾರೆ. ಅಮ್ಮ ಮಗುವನ್ನು ಕಿಟಕಿಗೆ ಒತ್ತಿ, ಸೆರಗು ಅಡ್ಡ ಹಿಡಿಯುತ್ತಾರೆ. ಈ ಮನೆಯ ಹೆದರಿಕೆಯೆಲ್ಲ ಈ ಚಪ್ಪಾಳೆಯಲ್ಲೇ ಇದೆ. ಟ್ರಾಫಿಕ್ ಸಿಗ್ನಲ್, ಕೈಯೊಡ್ಡುವುದು, ರಾತ್ರಿಯ ರಸ್ತೆ. ಅಮ್ಮ ನಿದ್ದೆಗೆಟ್ಟದ್ದು ಮಗು ಹುಡುಗಿಯಾದೀತು ಎಂಬುದಕ್ಕಿಂತ ಇದಕ್ಕೆ. ಬಂದವಳು ಸೆರಗನ್ನೂ ನೋಡಿದಳು, ಅದರ ಹಿಂದಿನ ಮುಖವನ್ನೂ ನೋಡಿದಳು.

"ಹೆದರ್ಬೇಡ ಅಕ್ಕ, ನಾವೇನು ಹೊತ್ಕೊಂಡ್ ಹೋಗಲ್ಲ. ನಮ್ಮನ್ನ ಮನೆಯೋರೇ ಆಚೆ ಹಾಕಿದ್ದು."

ಅಪ್ಪ ಕೊಟ್ಟ ಹತ್ತರ ನೋಟು ಬೆರಳ ನಡುವೆ ಮಡಿಸಿಕೊಂಡು ಮುಂದಿನ ಸೀಟಿಗೆ ಹೋದಳು. ಅಮ್ಮ ಯಶವಂತಪುರದವರೆಗೆ ಮಾತಾಡಲಿಲ್ಲ.

ಆಸ್ಪತ್ರೆಯ ಕಾರಿಡಾರಿನಲ್ಲಿ ಟೋಕನ್ ಹಿಡಿದು ಕೂರುವುದನ್ನು ನಿಮಗೆ ವಿವರಿಸಬೇಕಿಲ್ಲ. ಒಳಗೆ ಹೋದಾಗ ಹನ್ನೆರಡು ದಾಟಿದೆ. ಡಾಕ್ಟರಮ್ಮ ಮೊದಲು ಮಗುವನ್ನು ಒಬ್ಬಳನ್ನೇ ಕೂರಿಸಿಕೊಂಡು ಮಾತಾಡುತ್ತಾರೆ. ಆ ಹೊತ್ತಿನಲ್ಲಿ ಅಪ್ಪ ಗೋಡೆಯ ಮೇಲಿನ ಪೋಸ್ಟರುಗಳನ್ನೆಲ್ಲ ಓದಿ ಮುಗಿಸುತ್ತಾರೆ. ಟೆಲಿ ಮಾನಸ್, 14416 ಎಂಬ ಸಂಖ್ಯೆಯನ್ನು ಜೇಬಿನ ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ. ಬಾಗಿಲು ತೆರೆಯಿತು. ನೀವೂ ಮೂಲೆಯ ಸ್ಟೂಲಿನ ಮೇಲೆ ಕೂರಿ.

"ಇದು ಖಾಯಿಲೆನಾ ಮೇಡಂ?"

"ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇದನ್ನ ಮಾನಸಿಕ ಖಾಯಿಲೆಗಳ ಪಟ್ಟಿಯಿಂದ ತೆಗೆದಾಯ್ತು. 2022ರಿಂದ ಜಾರಿಯಲ್ಲಿರೋ ಪಟ್ಟೀಲಿ ಇದು ಅಲ್ಲಿಲ್ಲ. ಇದರಿಂದ ಮಗು ಕೊರಗೋದನ್ನ ಮಾತ್ರ ನಾವು ನೋಡ್ಕೋಬೇಕು."

"ಈಗ ಏನ್ ಮಾಡ್ಬೇಕು? ಆಪರೇಷನ್ನಾ?" ಅಪ್ಪ ಟವೆಲ್ಲಿನ ತುದಿ ಹಿಂಡುತ್ತಿದ್ದಾರೆ.

"ಹದಿನೆಂಟು ತುಂಬೋವರೆಗೂ ಆ ಮಾತೇ ಬೇಡ. ಮೊದಲು ನಿಮ್ಮ ಮಗು ಏನು ಕೇಳ್ತಿದೆ ಕೇಳಿ."

ಅವಳು ಕೇಳಿದ್ದು ಕಕ್ಕಸಿನ ವಿಷಯ. ಶಾಲೆಯಲ್ಲಿ ಹುಡುಗರ ಕಡೆ ಹೋದರೆ ಬಾಗಿಲು ಒದೆಯುತ್ತಾರೆ, ಹುಡುಗಿಯರ ಕಡೆ ಹೋಗುವಂತಿಲ್ಲ. ಅದಕ್ಕೆ ಜೂನ್‌ನಿಂದ ಬೆಳಿಗ್ಗೆ ನೀರೇ ಕುಡಿಯುತ್ತಿಲ್ಲ. ಉರಿಮೂತ್ರ ಎಂದು ಊರಿನಲ್ಲಿ ಮತ್ತೆ ಮತ್ತೆ ಮಾತ್ರೆ ಕೊಡಿಸಿದ್ದರು. ಬಾರ್ಲಿ ಗಂಜಿ ಕುಡಿಸಿದ್ದರು, ಉಷ್ಣ ಎಂದಿದ್ದರು. ಅಮ್ಮ ಬಾಯಿಗೆ ಸೆರಗಿಟ್ಟುಕೊಂಡರು. ಎರಡು ವರ್ಷ ಊರಿನ ಮಾತು, ನೆಂಟರ ಮಾತು, ಮದುವೆ, ವಂಶ ಎಂದೆಲ್ಲ ಲೆಕ್ಕ ಹಾಕಿದ ಈ ಇಬ್ಬರ ಯಾವ ಲೆಕ್ಕದಲ್ಲೂ ಒಂದು ಲೋಟ ನೀರು ಇರಲಿಲ್ಲ. ಹೆತ್ತವರು ಮಗುವಿನ ಮುಂದಿನ ಮೂವತ್ತು ವರ್ಷಕ್ಕೆ ಹೆದರುತ್ತಾ ಕೂರುತ್ತಾರೆ. ಮಗು ಹನ್ನೊಂದೂವರೆಯ ಬೆಲ್ಲಿಗೆ ಹೆದರುತ್ತಿರುತ್ತದೆ.

ಮೀಸೆಯ ಮಾತು ಬೇಗ ಮುಗಿಯಿತು. "ಸದ್ಯಕ್ಕೆ ಥ್ರೆಡ್ಡಿಂಗ್ ಸಾಕು" ಎಂದರು. ತೊಡಕಿನದು ಇಂಜೆಕ್ಷನ್. ಹರೆಯವನ್ನು ಅಷ್ಟಕ್ಕೇ ತಡೆದಿಡುವ ಔಷಧವಿದೆ. ತೀರ ಚಿಕ್ಕ ವಯಸ್ಸಿಗೇ ಮೈನೆರೆಯುವ ಮಕ್ಕಳಿಗೆ ದಶಕಗಳಿಂದ ಕೊಡುತ್ತಿರುವುದೇ. ತಿಂಗಳಿಗೊಮ್ಮೆ, ಇಲ್ಲವೇ ಮೂರು ತಿಂಗಳಿಗೊಮ್ಮೆ. ಡಾಕ್ಟರಮ್ಮ ಯಾವುದನ್ನೂ ಮುಚ್ಚಿಡುವುದಿಲ್ಲ. ಒಡೆದ ಗಂಟಲು ಇದರಿಂದ ಹಿಂದಕ್ಕೆ ಬರುವುದಿಲ್ಲ, ಮುಂದಾಗುವ ಬದಲಾವಣೆಯನ್ನು ನಿಲ್ಲಿಸಬಹುದು. ಮೂಳೆ ಗಟ್ಟಿಯಾಗುವ ವಯಸ್ಸು, ಅದನ್ನು ಅಳೆಯುತ್ತಾ ಇರಬೇಕು. ಬ್ರಿಟನ್ನಿನಲ್ಲಿ 2024ರ ಕ್ಯಾಸ್ ವರದಿ ಆಧಾರ ಸಾಲದು ಎಂದ ಮೇಲೆ ಹದಿನೆಂಟರೊಳಗಿನ ಇಂಥ ಮಕ್ಕಳಿಗೆ ಹೊಸದಾಗಿ ಕೊಡುವುದನ್ನು ತಡೆದಿದ್ದಾರೆ. ಮಗುವನ್ನು ಒಂದಷ್ಟು ಕಾಲ ನೋಡಿ, ಮಾತಾಡಿ, ಆಮೇಲೆ ಕೊಡಬಹುದು ಎನ್ನುವ ವೈದ್ಯರೂ ಇದ್ದಾರೆ. "ಇವತ್ತೇ ತೀರ್ಮಾನ ಬೇಡ. ಹಾಗಂತ ಸುಮ್ನೆ ಮುಂದೂಡೋದೂ ಬೇಡ."

ಅಪ್ಪ ಬಹಳ ಹೊತ್ತು ಸುಮ್ಮನಿದ್ದು, "ತೆಂಗಿನಕಾಯಿನ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಟ್ರೆ ತಾನಾಗೇ ಕೊಬ್ಬರಿ ಆಗತ್ತೆ ಮೇಡಂ. ಮುಟ್ಟೋ ಹಂಗೇ ಇಲ್ಲ. ನಾವು ಕಾಯೋ ಜನ" ಎಂದರು.

"ಕಾಯಿಗೆ ಕನ್ನಡಿ ನೋಡ್ಕೊಳ್ಳೋ ಕಷ್ಟ ಇಲ್ವಲ್ಲ ಯಜಮಾನ್ರೇ."

ಗುರುವಾರ ಶಾಲೆ. ಹೆಡ್‌ಮೇಷ್ಟ್ರ ಕೋಣೆಯಲ್ಲಿ ನೀವು ಬಾಗಿಲ ಬಳಿ ನಿಂತಿದ್ದೀರಿ. ಹೊರಗೆ ಬಿಸಿಯೂಟದ ತಟ್ಟೆಗಳ ಸದ್ದು, ಹುಡುಗರದೊಂದು ಸಾಲು, ಹುಡುಗಿಯರದೊಂದು. ಹೆಡ್‌ಮೇಷ್ಟ್ರು ಕೆಟ್ಟವರಲ್ಲ, ಅಂಜುವವರು. ಎನ್‌ಸಿಇಆರ್‌ಟಿ ಇಂಥ ಮಕ್ಕಳ ಬಗ್ಗೆ ಶಿಕ್ಷಕರಿಗೊಂದು ಕೈಪಿಡಿ ಸಿದ್ಧಪಡಿಸಿ, 2021ರಲ್ಲಿ ವೆಬ್‌ಸೈಟಿಗೆ ಹಾಕಿ, ಆಕ್ಷೇಪ ಬಂದದ್ದೇ ತಡ ತೆಗೆದುಬಿಟ್ಟಿತು. ದಿಲ್ಲಿಯವರೇ ಹಿಂದೆಗೆದ ಮೇಲೆ ತಾಲ್ಲೂಕಿನ ಮೇಷ್ಟ್ರಿಂದ ಎಷ್ಟು ಧೈರ್ಯ ಕೇಳುವುದು? "ಹಾಜರಿ ಪುಸ್ತಕಕ್ಕೆ ನಾನು ಕೈ ಹಾಕಲ್ಲ. ದಾಖಲೆ ಬೇಕು" ಎನ್ನುತ್ತಾರೆ. ಅಪ್ಪ ಅದನ್ನೂ ಕೇಳಿಕೊಂಡು ಬಂದಿದ್ದಾರೆ. ಇಂಥವರ ಹಕ್ಕಿಗೆಂದು ಬಂದ 2019ರ ಕಾಯ್ದೆ, ಹದಿನೆಂಟು ತುಂಬದವರ ಪರವಾಗಿ ಹೆತ್ತವರೇ ಜಿಲ್ಲಾಧಿಕಾರಿಗೆ ಅರ್ಜಿ ಹಾಕಿ ಗುರುತಿನ ಪ್ರಮಾಣಪತ್ರ ಕೇಳಲು ಅವಕಾಶ ಇಟ್ಟಿತು. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ; ಮಾರ್ಕ್ಸ್ ಕಾರ್ಡಿನ ಹೆಸರು ಬದುಕಿಡೀ ಬೆನ್ನು ಹತ್ತುತ್ತದೆ. ಆದರೆ ಅರ್ಜಿಗೆ ಸಹಿ ಮಾಡುವಷ್ಟು ಅಪ್ಪನ ಕೈ ಇನ್ನೂ ಗಟ್ಟಿಯಾಗಿಲ್ಲ.

"ಹೆಸ್ರು ಆಮೇಲೆ ನೋಡಾಣ ಸಾರ್. ಈಗ ಕಕ್ಕಸು ಒಂದು."

ಹೆಡ್‌ಮೇಷ್ಟ್ರು ಮೇಜಿನ ಡ್ರಾ ಎಳೆದು, ಲ್ಯಾಬಿನ ಪಕ್ಕದ ಸ್ಟಾಫ್ ಟಾಯ್ಲೆಟ್ಟಿನ ಕೀ ತೆಗೆದು ಕೊಟ್ಟರು. "ಕೇಳಿದ್ರೆ ಹೊಟ್ಟೆನೋವು ಅಂತ ಹೇಳ್ಲಿ." ಸುಳ್ಳಿನ ಆಸರೆಯಲ್ಲಿ ಸಿಕ್ಕ ಸೌಕರ್ಯ. ನನಗೆ ಇದು ಒಪ್ಪಿಗೆಯಿಲ್ಲ. ಬಚ್ಚಿಟ್ಟುಕೊಳ್ಳಲು ಕಲಿಸಿ ಕೊಡುವ ಹಕ್ಕು ಎಷ್ಟು ದಿನ ಬಾಳೀತು? ಆದರೆ ಮಧ್ಯಾಹ್ನ ಬಿಸಿಯೂಟವಾದ ಮೇಲೆ ಅವಳು ನಲ್ಲಿಗೆ ಬಾಯಿಟ್ಟು ನೀರು ಕುಡಿದದ್ದನ್ನು ನೋಡಿದವರು ಈ ತಕರಾರನ್ನು ಆ ದಿನಕ್ಕೆ ಜೇಬಿನಲ್ಲಿಟ್ಟುಕೊಳ್ಳಬೇಕು.

ರಾತ್ರಿ ಊಟವಾಗಿದೆ. ಅಪ್ಪ ಮಂಡಿಯ ಚೀಟಿಯ ಹಿಂಬದಿಯಲ್ಲಿ ಡಾಕ್ಟರಮ್ಮನಿಗೆ ಕೇಳಬೇಕಾದದ್ದನ್ನು ಬರೆಯುತ್ತಿದ್ದಾರೆ. ಮೂಳೆ ಪರೀಕ್ಷೆಗೆ ಎಷ್ಟು, ಇಂಜೆಕ್ಷನ್ ನಿಲ್ಲಿಸಿದರೆ ಏನಾಗುತ್ತದೆ, ತಿಪಟೂರಲ್ಲೇ ಹಾಕಿಸಬಹುದಾ. ಅಮ್ಮನಿಗೆ ಈಗ ಆತುರ. "ಮೀಸೆ ಪೂರ್ತಿ ಬಂದ್ಮೇಲೆ ಕೇಳ್ತೀರಾ? ಮುಂದಿನ ಸಲವೇ ಹಾಕ್ಸಿ."

"ಮೂಳೆ ಟೊಳ್ಳಾದ್ರೆ ಯಾರೇ ಜವಾಬ್ದಾರಿ?"

"ಮಗೂನೇ ಟೊಳ್ಳಾಗ್ತಿದೆಯಲ್ಲ, ಅದಕ್ಯಾರು?"

ಇಬ್ಬರದೂ ನ್ಯಾಯವೇ. ಒಳಕೋಣೆಯಿಂದ ಅವಳು, "ನನ್ನೂ ಕೇಳಿ ಒಂಚೂರು" ಎನ್ನುತ್ತಾಳೆ. ಜಗಳ ಅಷ್ಟಕ್ಕೆ ನಿಂತಿತು, ಮುಗಿಯಲಿಲ್ಲ.

ಅಪ್ಪ ಚೀಟಿ ಮಡಿಸಿ ಜೇಬಿಗಿಟ್ಟರು. "ಈ ಸಲ ಬಸ್ಸಿಗೆ ಹೋಗಾಣ. ಮನೆ ಹತ್ರಾನೇ ಹತ್ಕೋಬಹುದು, ಸ್ಟೇಷನ್ನಿಗೆ ಆಟೋ ದುಡ್ಡು ಉಳಿಯುತ್ತೆ."

"ಬೇಡ ರೀ, ರೈಲಿಗೇ ಹೋಗಾಣ," ಅಮ್ಮ ಪಾತ್ರೆ ಎತ್ತಿಕೊಳ್ಳುತ್ತಾ ಹೇಳಿದರು. "ರೈಲಲ್ಲಿ ಟಾಯ್ಲೆಟ್ ಇರುತ್ತೆ. ಗಂಡಸ್ರು ಹೆಂಗಸ್ರು ಅಂತ ಬೋರ್ಡೂ ಇರಲ್ಲ."