ಆಲಪ್ಪುಳದ ನೀರುದಾರಿಯಲ್ಲಿ

ತೀರ್ಥಯಾತ್ರೆಯೆಂದರೆ ನಮ್ಮವರಿಗೆ ಒಂದೋ ಬೆಟ್ಟವನ್ನು ಹತ್ತಬೇಕು, ಇಲ್ಲವೆ ಹೊಳೆಯಲ್ಲಿ ಮುಳುಗಬೇಕು. ಕೇರಳದ ಆಲಪ್ಪುಳ ಜಿಲ್ಲೆಯಲ್ಲಿ ಹತ್ತುವುದಕ್ಕೆ ಬೆಟ್ಟವಿಲ್ಲ. ನೀರಿಗೆ ಮಾತ್ರ ಬರವೆಂಬುದಿಲ್ಲ. ಪಡುವಲಲ್ಲಿ ಕಡಲು, ಮೂಡಲಲ್ಲಿ ವೇಂಬನಾಡು ಸರೋವರ, ನಡುವೆ ಮರಳಿನ ಪಟ್ಟಿಯ ಮೇಲೆ ಊರು. ಪಂಪಾ, ಮಣಿಮಲ, ಅಚ್ಚನ್‌ಕೋವಿಲ್, ಮೀನಚ್ಚಿಲ್ ಎಂಬ ನದಿಗಳು ಘಟ್ಟದಿಂದಿಳಿದು ಬಂದು ಈ ತಗ್ಗಿನಲ್ಲಿ ದಾರಿತಪ್ಪಿದವರಂತೆ ನೂರು ಕವಲಾಗಿ ಅಲೆಯುವುವು. ಹಿಂದೆ ಯಾರೋ ಈ ಊರನ್ನು ಪೂರ್ವದೇಶದ ವೆನಿಸ್ ಎಂದು ಕರೆದರಂತೆ; ಇಂದಿಗೂ ಪ್ರವಾಸದ ಪುಸ್ತಕಗಳೆಲ್ಲ ಅದನ್ನೇ ಹೇಳುತ್ತವೆ. ಆದರೆ ವೆನಿಸ್ಸಿನ ಕಾಲುವೆಗಳ ಬದಿಯಲ್ಲಿ ಭತ್ತ ಬೆಳೆಯುವರೆಂದು ನಾನಂತೂ ಕೇಳಿಲ್ಲ. ಇಲ್ಲಿ ಬೆಳೆಯುತ್ತಾರೆ, ಅದೂ ಸಮುದ್ರಮಟ್ಟಕ್ಕಿಂತ ಕೆಳಗೆ.

ನಾವು ಅಲ್ಲಿಗೆ ಹೋದದ್ದು ಆಯಿಯ ಹರಕೆಯ ನೆವದಿಂದ. ಅಂಬಲಪ್ಪುಳದ ಕೃಷ್ಣನ ಪಾಲ್ಪಾಯಸವನ್ನು ಒಮ್ಮೆ ಬಾಯಿಗೆ ಹಾಕಿಕೊಳ್ಳಬೇಕೆಂಬುದು ಅವಳ ಬಹುಕಾಲದ ಆಸೆ. ನೆವವೆಂದೆನಷ್ಟೆ, ಒಳಗೊಂದು ಬೇರೆ ಸಂಗತಿಯಿತ್ತು. ಅಘನಾಶಿನಿಯ ಹೊಳೆಬಾಯಿಯಲ್ಲಿ ನಮಗೆ ಎರಡು ಎಕರೆ ಗಜನಿ ಭೂಮಿ ಉಂಟು. ಮಳೆಗಾಲದಲ್ಲಿ ಉಪ್ಪು ತೊಳೆದುಹೋದಾಗ ಕಗ್ಗ ಭತ್ತ, ಕೊಯ್ಲಾದ ಮೇಲೆ ಉಬ್ಬರದ ನೀರನ್ನು ಬಿಟ್ಟು ಮೀನು, ಸಿಗಡಿ: ಇದು ನಮ್ಮ ಅಜ್ಜನ ಕಾಲದ ಕ್ರಮ. ಈಗ ಅದನ್ನು ವರ್ಷವೆಲ್ಲ ಸಿಗಡಿ ಸಾಕುವುದಕ್ಕೆ ಗುತ್ತಿಗೆ ಕೊಡಬೇಕೆಂದು ಅಣ್ಣನ ಹಟ. ಅವನಿಗೆ ಇಬ್ಬರು ಹೆಣ್ಣುಮಕ್ಕಳು ಕಾಲೇಜಿನಲ್ಲಿದ್ದಾರೆ, ಹಟಕ್ಕೆ ಕಾರಣವಿಲ್ಲವೆನ್ನುವಂತಿಲ್ಲ. ಕರಾರುಪತ್ರ ಸಿದ್ಧವಾಗಿತ್ತು. ಭೂಮಿ ಆಯಿಯ ಹೆಸರಿನಲ್ಲಿದ್ದುದರಿಂದ ಅವಳ ಸಹಿಯೊಂದು ಬಾಕಿ. “ಯಾತ್ರೆ ಮುಗಿಸಿ ಬಂದು ನೋಡುವೆ” ಎಂದು ಅವಳು ಆ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟು, ನನ್ನೊಡನೆ ಕುಮಟೆಯಲ್ಲಿ ರೈಲು ಹತ್ತಿದಳು.

ಅಂಬಲಪ್ಪುಳದ ದೇವರು ಪಾರ್ಥಸಾರಥಿ. ಒಂದು ಕೈಯಲ್ಲಿ ಚಾವಟಿ, ಇನ್ನೊಂದರಲ್ಲಿ ಶಂಖ. ಪಾಯಸದ ಕಥೆಯನ್ನು ವಾಚಕರಲ್ಲಿ ಹಲವರು ಕೇಳಿರಬಹುದು. ಭಗವಂತನು ಮುದುಕನ ವೇಷದಲ್ಲಿ ಬಂದು ಅರಸನೊಡನೆ ಚದುರಂಗವಾಡಿದನಂತೆ. ಪಣವೇನೆಂದರೆ, ಮೊದಲ ಮನೆಗೆ ಒಂದು ಅಕ್ಕಿಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಇಮ್ಮಡಿಸುತ್ತ 64 ಮನೆಗಳನ್ನು ತುಂಬಿಸುವುದು. ಅರಸ ಸೋತ. ಲೆಕ್ಕಹಾಕಿದರೆ ಇಪ್ಪತ್ತು ಅಂಕಿಗಳ ಸಂಖ್ಯೆ ಬರುತ್ತದೆ. ಅರಸನ ಕಣಜವಿರಲಿ, ಲೋಕದ ಕಣಜಗಳೆಲ್ಲ ಸೇರಿದರೂ ಸಾಲದು. ಸಾಲವನ್ನು ದಿನದಿನವೂ ಪಾಯಸವಾಗಿ ತೀರಿಸೆಂದು ದೇವರು ಅಪ್ಪಣೆ ಕೊಟ್ಟನಂತೆ.

ಬೆಳಿಗ್ಗೆಯೇ ಸಾಲಿನಲ್ಲಿ ನಿಂತು ಚೀಟಿ ಪಡೆದು, ಮಧ್ಯಾಹ್ನದ ಪೂಜೆಯಾದ ಮೇಲೆ ಪಾಯಸವನ್ನು ಪಡೆದೆವು. ಹಾಲು, ಸಕ್ಕರೆ, ಅಕ್ಕಿ, ನೀರು, ಬೇರೇನೂ ಇಲ್ಲ. ಏಲಕ್ಕಿಯಿಲ್ಲ, ದ್ರಾಕ್ಷಿಯಿಲ್ಲ. ಗಂಟೆಗಟ್ಟಲೆ ಕುದಿದು ಕುದಿದು ಹಾಲು ನಸುಗೆಂಪಾಗಿರುತ್ತದೆ. ಆಯಿ ಕಣ್ಣು ಮುಚ್ಚಿ ಕುಡಿದು, ಲೋಟದ ತಳವನ್ನು ನೋಡಿ, “ಅಕ್ಕಿ ಇಷ್ಟೇ ಹಾಕಿದರೆ ಸಾಲ ತೀರಿದ ಹಾಗೇ ಸೈ” ಎಂದಳು.

ಆ ದೇವಾಲಯದಲ್ಲಿ ಮಿಳಾವು ಎಂಬ ದೊಡ್ಡ ವಾದ್ಯವೊಂದನ್ನು ಕಾಪಾಡಿದ್ದಾರೆ. ಹದಿನೆಂಟನೆಯ ಶತಮಾನದ ಕವಿ ಕುಂಜನ್ ನಂಬಿಯಾರರು ಬಾರಿಸುತ್ತಿದ್ದುದೆಂದು ಹೇಳುವರು. ಬಾರಿಸುವಾಗ ತೂಕಡಿಸಿದ ಕಾರಣ ಚಾಕ್ಯಾರರಿಂದ ಹಾಸ್ಯಕ್ಕೀಡಾಗಿ, ಮರುದಿನವೇ ತುಳ್ಳಲ್ ಎಂಬ ಹೊಸ ಕುಣಿತವನ್ನು ಕಟ್ಟಿ ಜನರನ್ನೆಲ್ಲ ತನ್ನ ಕಡೆಗೆ ಸೆಳೆದನೆಂಬ ಕಥೆ ಬಲು ಸೊಗಸು. ಅಲ್ಲಿಂದ ಸ್ವಲ್ಪ ದೂರದ ಕರುಮಾಡಿಯಲ್ಲಿ ಎಡಭಾಗ ಮುರಿದುಹೋದ ಕಪ್ಪುಕಲ್ಲಿನ ಬುದ್ಧನಿದ್ದಾನೆ. ಊರವರು ಆತನನ್ನು ಕರುಮಾಡಿಕುಟ್ಟನ್ ಎಂದು ಮನೆಯ ಹುಡುಗನಂತೆ ಕರೆಯುತ್ತಾರೆ. ಹರಿಪ್ಪಾಡಿನ ಬಳಿಯ ಮಣ್ಣಾರಶಾಲೆಯ ನಾಗಬನವನ್ನೂ ನೋಡಿದೆವು. ಅಲ್ಲಿ ಪೂಜೆಯ ಮುಖ್ಯಾಧಿಕಾರ ಮನೆತನದ ಹಿರಿಯ ಹೆಂಗಸಿನದು. ಮಕ್ಕಳನ್ನು ಬೇಡುವವರು ಕಂಚಿನ ಉರುಳಿಯನ್ನು ಬೋರಲು ಹಾಕಿಸಿ ಹೋಗುವರು. ಫಲ ಕಂಡ ಮೇಲೆ ಬಂದು ಎತ್ತಿಸುವರು. ಹೆಂಗಸು ಪೂಜಿಸುವುದನ್ನು ಕುರಿತು ಆಯಿ ಏನೂ ಹೇಳಲಿಲ್ಲ. ಆದರೆ ಅಲ್ಲಿಂದ ಹೊರಡುವುದಕ್ಕೆ ಬಹಳ ಹೊತ್ತು ಮನಸ್ಸು ಮಾಡಲಿಲ್ಲ.

ಮರುದಿನ ದೋಣಿಪ್ರಯಾಣ. ದೊಡ್ಡ ಮನೆದೋಣಿಗಳಿಗೆ ಬೇಡಿಕೆ ಹೆಚ್ಚು. ಹಿಂದೆ ಇವು ಭತ್ತ ಸಾಗಿಸುತ್ತಿದ್ದ ಕೆಟ್ಟುವಳ್ಳಗಳು. ಮೊಳೆಯಿಲ್ಲದೆ ಹಲಗೆಗಳನ್ನು ತೆಂಗಿನ ಹುರಿಯಿಂದ ಹೊಲಿದು ಕಟ್ಟಿದವು. ಈಗ ಅವುಗಳೊಳಗೆ ಮಂಚ, ಪಂಖ, ತಂಪುಯಂತ್ರ ಎಲ್ಲವೂ ಇವೆ. ನಮಗೆ ಅದು ಬೇಡವಾಗಿತ್ತು. ಸರ್ಕಾರದ ಜಲಸಾರಿಗೆ ಇಲಾಖೆಯ ದೋಣಿಯನ್ನು ಹತ್ತಿದೆವು. ಶಾಲೆಯ ಮಕ್ಕಳು, ಮೀನಿನ ಬುಟ್ಟಿಯವರು, ಔಷಧದ ಚೀಟಿ ಹಿಡಿದ ಮುದುಕರು ಅದರಲ್ಲಿ ಬಸ್ಸಿನಲ್ಲಿ ಕುಳಿತಂತೆ ಕುಳಿತಿದ್ದರು.

ಪುನ್ನಮಡ ದಾಟಿದ ಮೇಲೆ ನೋಟವೇ ಬದಲಾಯಿತು. ಕಾಲುವೆಯ ಎರಡು ದಡಗಳ ಮೇಲೆ ತೆಂಗು, ಮನೆ. ಅವುಗಳ ಹಿಂದೆ, ನಾವು ತೇಲುತ್ತಿದ್ದ ನೀರಿಗಿಂತ ಆಳೆತ್ತರ ಕೆಳಗೆ, ಹಸುರು ಗದ್ದೆಯ ಬಯಲು. ಇದೇ ಕುಟ್ಟನಾಡು. ತೆಂಗಿನ ಗೂಟಗಳನ್ನು ನೆಟ್ಟು, ಬಿದಿರಿನ ತಡಿಕೆ ಕಟ್ಟಿ, ಸರೋವರದ ತಳದಿಂದ ಮುಳುಗಿ ತೆಗೆದ ಜೇಡಿಯನ್ನು ತುಂಬಿ ಇಲ್ಲಿ ಒಡ್ಡು ಹಾಕಿದರು. 1940ರ ದಶಕದಲ್ಲಿ ಜೋಸೆಫ್ ಮುರಿಕ್ಕನ್ ಎಂಬವರು ಸರೋವರವನ್ನೇ ಕಟ್ಟಿ ಎಬ್ಬಿಸಿದ ಚಿತ್ತಿರ, ಮಾರ್ತಾಂಡಂ, ರಾಣಿ ಎಂಬ ಬಯಲುಗಳು ಹೆಸರಾಂತವು. ಹೆಸರು ಉಳಿದದ್ದು ಒಡೆಯರದು. ಮುಳುಗಿ ಮಣ್ಣು ತೆಗೆದವರಲ್ಲಿ ಬಹುಮಂದಿ ಪುಲಯರು. ಅವರ ಹೆಸರಿನ ಬಯಲೊಂದೂ ನನ್ನ ಕಣ್ಣಿಗೆ ಬೀಳಲಿಲ್ಲ.

ಪಕ್ಕದಲ್ಲಿ ಕುಳಿತಿದ್ದ ರೈತರೊಬ್ಬರು ಹರೆಯದಲ್ಲಿ ಮಂಗಳೂರಿನ ಹೋಟೆಲೊಂದರಲ್ಲಿದ್ದವರು. ಮುರುಕು ಕನ್ನಡ ಬರುತ್ತಿತ್ತು. ಆಯಿಗೆ ಅಷ್ಟೇ ಸಾಕಾಯಿತು.

“ನೀರನ್ನು ಹೊರಗೆ ಹಾಕುವವರು ಯಾರು?” ಎಂದು ಕೇಳಿದಳು.

“ಎಲ್ಲರೂ ಸೇರಿ, ಅಮ್ಮಾ. ಒಂದು ಒಡ್ಡಿನೊಳಗಿನ ಗದ್ದೆಗಳೆಲ್ಲ ಒಂದು ಪಾಡಶೇಖರ. ಮಳೆ ಮುಗಿದ ಮೇಲೆ ಪಂಪು ಹಾಕಿ ನೀರೆತ್ತಿ ಪುಂಜ ಬೆಳೆ ಬಿತ್ತುತ್ತೇವೆ. ಹಿಂದೆ ಚಕ್ರ ತುಳಿಯುತ್ತಿದ್ದರು.”

“ಒಬ್ಬ ನನಗೆ ಬೇಡವೆಂದರೆ?”

ಆತ ನಕ್ಕು, “ಒಡ್ಡು ಒಡೆದರೆ ಬೇಕೆಂದವನ ಗದ್ದೆ, ಬೇಡವೆಂದವನ ಗದ್ದೆ ಎಂದು ನೀರು ಕೇಳುವುದಿಲ್ಲ” ಎಂದರು. 2018ರ ಆಗಸ್ಟಿನ ಪ್ರವಾಹದಲ್ಲಿ ಅವರು ಸಂಸಾರಸಮೇತ ಚಂಗನಾಶ್ಶೇರಿಯ ಪರಿಹಾರ ಶಿಬಿರಕ್ಕೆ ಹೋಗಿದ್ದರಂತೆ. ತಿರುಗಿ ಬಂದಾಗ ಮನೆಯೊಳಗೆ ಮೊಳಕಾಲು ಕೆಸರು. ಆ ವರ್ಷವೂ ಬಿತ್ತಿದರಂತೆ.

ಎಲ್ಲವೂ ಸರಿಯಾಗಿದೆಯೆಂದು ತಿಳಿಯಬೇಕಾಗಿಲ್ಲ. ಬೇಸಗೆಯಲ್ಲಿ ಉಪ್ಪುನೀರು ಏರದಂತೆ 1970ರ ದಶಕದಲ್ಲಿ ತಣ್ಣೀರ್‌ಮುಕ್ಕಮ್‌ನಲ್ಲಿ ಸರೋವರಕ್ಕೆ ಅಡ್ಡವಾಗಿ ಕಟ್ಟೆ ಕಟ್ಟಿದರು. ರೈತನಿಗೆ ಅದು ರಕ್ಷೆ. ಆದರೆ ಉಪ್ಪು ತಲಪದೆ ನಿಂತ ನೀರಿನಲ್ಲಿ ಅಂತರಗಂಗೆ ಹಬ್ಬಿತು, ಮೀನು ಸಿಗಡಿಗಳು ಕಡಮೆಯಾದವು. ಬಾಗಿಲು ಯಾವಾಗ ತೆರೆಯಬೇಕೆಂಬುದರಲ್ಲಿ ರೈತರಿಗೂ ಬೆಸ್ತರಿಗೂ ತಕರಾರು ತಪ್ಪಿದ್ದಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಈ ಬೇಸಾಯವನ್ನು ಜಾಗತಿಕ ಮಹತ್ವದ ಪರಂಪರೆಯೆಂದು ಗುರುತಿಸಿತು. ಆ ಮಾತನ್ನು ನಾನು ಹೇಳಿದಾಗ ರೈತರು ತಲೆಯಾಡಿಸಿ, ಈ ಸಲದ ಭತ್ತದ ಹಣ ಇನ್ನೂ ಕೈಸೇರಿಲ್ಲವೆಂದರು.

ದೋಣಿ ಚಂಪಕುಳಂ ಬಳಿ ನಿಂತಿತು. ಅಂಬಲಪ್ಪುಳದ ದೇವರನ್ನು ದೋಣಿಯಲ್ಲಿ ತರುವಾಗ ಒಂದು ರಾತ್ರಿ ಇಲ್ಲಿನ ಕ್ರೈಸ್ತರ ಮನೆಯಲ್ಲಿ ಇಳಿಸಿಕೊಂಡಿದ್ದರೆಂದು ಐತಿಹ್ಯ. ಮಿಥುನಮಾಸದ ಮೂಲಾ ನಕ್ಷತ್ರದಂದು ನಡೆಯುವ ದೋಣಿಪಂದ್ಯ ಅದರ ನೆನಪಿಗಂತೆ. ಕಡಲಕಡೆಯ ಅರ್ತುಂಗಲ್ ಇಗರ್ಜಿಯಲ್ಲಿಯೂ ಶಬರಿಮಲೆಯಿಂದ ಹಿಂದಿರುಗಿದವರು ಮಾಲೆ ಕಳಚುವುದುಂಟು. ಆಯಿ ಇಗರ್ಜಿಯ ಮೆಟ್ಟಿಲಲ್ಲಿ ಕುಳಿತು ಹೊಳೆಯನ್ನು ನೋಡುತ್ತ, ಇದ್ದಕ್ಕಿದ್ದಂತೆ ನನ್ನನ್ನು ಕೇಳಿದಳು:

“ಮಗಾ, ವರ್ಷವಿಡೀ ಸಿಗಡಿ ಸಾಕುವವನು ಮಳೆಗಾಲದಲ್ಲಿಯೂ ಉಪ್ಪುನೀರು ನಿಲ್ಲಿಸಬೇಕಲ್ಲವೆ?”

“ನಿಲ್ಲಿಸಲೇಬೇಕು.”

“ಹಾಗಾದರೆ ನಮ್ಮ ಗಡಿಗೆ ತಾಗಿರುವ ಆ ವಿಧವೆಯ ಗದ್ದೆ? ಅವಳು ಕಗ್ಗ ಬಿಟ್ಟರೆ ಮತ್ತೇನು ಬಿತ್ತುತ್ತಾಳೆ?”

ನಾನು ಅಣ್ಣನ ಮಕ್ಕಳ ಶುಲ್ಕದ ಮಾತೆತ್ತಿದೆ. ಅವಳು ಅದನ್ನೂ ತಳ್ಳಿಹಾಕಲಿಲ್ಲ. ತನ್ನ ಎರಡು ಬಳೆಗಳಿವೆಯೆಂದೂ, ಅವು ಎಷ್ಟಾಗುವುವೆಂದು ಪೇಟೆಯಲ್ಲಿ ವಿಚಾರಿಸೆಂದೂ ಹೇಳಿದಳು. ಆಮೇಲೆ ಒಡ್ಡಿನ ರಿಪೇರಿಗೆ ಎಷ್ಟು ಆಳು ಬೇಕು, ತೂಬಿನ ಹಲಗೆ ಯಾವ ಮರದ್ದು, ನೆರೆಯವರು ಎಷ್ಟು ಪಾಲು ಹಾಕುವರು ಎಂದು ಒಂದೊಂದಾಗಿ ಕೇಳತೊಡಗಿದಳು. ನಾನು ದೋಣಿಯ ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡೆ.

ಅಣ್ಣ ಇನ್ನೂ ಒಪ್ಪಿಲ್ಲ. ಕಾಗದ ಪೆಟ್ಟಿಗೆಯಲ್ಲಿಯೇ ಇದೆ. ಒಡ್ಡಿನ ಕೆಲಸಕ್ಕೆ ಮಾತ್ರ ಬರುವ ಸೋಮವಾರ ನಾಲ್ಕು ಆಳು ಬರುವುದಾಗಿ ಒಪ್ಪಿದ್ದಾರೆ. ಮಳೆಗೆ ಇನ್ನು ಏಳು ವಾರವಿದೆ.