ಶನಿವಾರದ ಕ್ಲಾಸು – ಭಾಗ 3: ಜರ್ನಲ್ ಮೊದಲು, ಲೆಡ್ಜರ್ ಆಮೇಲೆ

ನಮ್ಮ ಡೇಟಾಬೇಸ್ ಕ್ಲಾಸಲ್ಲಿ 18 ಜನ. ಸ್ಟೂಡೆಂಟ್ ಅಂತ ಇರೋದು ನಾನೊಬ್ಬಳೇ. ಉಳಿದವರೆಲ್ಲ ವಾರಪೂರ್ತಿ ಆಫೀಸಲ್ಲಿ ದುಡಿದು ಶನಿವಾರ, ಭಾನುವಾರ ಬರೋರು. ಮೊದಲ ದಿನ ಬಿಕಾಂ ಅಂದಾಗ ಒಬ್ಬರು, "ಕಾಮರ್ಸಾ? ಕಷ್ಟ ಆಗಲ್ವಾ?" ಅಂದ್ರು. ಆಮೇಲೆ ಮೂರು ವಾರ ನಾನು ಒಂದು ಡೌಟೂ ಕೇಳಲಿಲ್ಲ.

ಹೋದ ಶನಿವಾರ ಸರ್ ಪೋಸ್ಟ್‌ಗ್ರೆಸ್‌ನಲ್ಲಿ ಎರಡು ಖಾತೆ ಮಾಡಿದ್ರು. ಬಿಗಿನ್ ಕೊಟ್ಟು ಒಂದರಿಂದ 500 ರೂಪಾಯಿ ಕಳೆದ್ರು. ಇನ್ನೊಂದಕ್ಕೆ ಸೇರಿಸೋ ಮೊದಲೇ ಸರ್ವರನ್ನೇ ಕಿಲ್ ಮಾಡಿಬಿಟ್ರು. "ಈಗ ಆ 500 ಎಲ್ಲಿದೆ ಹೇಳಿ?"

ಮತ್ತೆ ಸ್ಟಾರ್ಟ್ ಮಾಡಿದಾಗ ದುಡ್ಡು ಮೊದಲಿನ ಖಾತೆಯಲ್ಲೇ ಇತ್ತು! ಕಮಿಟ್ ಆಗದ ಅರ್ಧ ಎಂಟ್ರಿ ಲೆಕ್ಕಕ್ಕೇ ಇಲ್ಲ.

ಇನ್ನು ಕಮಿಟ್ ಆಗಿದ್ದು? ಡೇಟಾ ಫೈಲ್ ಮುಟ್ಟೋ ಮೊದಲೇ ಪ್ರತಿ ಬದಲಾವಣೆಯನ್ನೂ ಒಂದು ಲಾಗ್‌ನಲ್ಲಿ ಕ್ರಮವಾಗಿ ಬರೆದಿಡುತ್ತಂತೆ. ಹೆಸರು ರೈಟ್-ಅಹೆಡ್ ಲಾಗ್. ಮಧ್ಯದಲ್ಲಿ ಕರೆಂಟ್ ಹೋದ್ರೂ ಆ ಲಾಗ್ ಓದಿಕೊಂಡು ಡೇಟಾ ಸರಿಮಾಡಿಕೊಳ್ಳುತ್ತೆ.

ನನ್ನ ಬಾಯಿಂದ ಬಂದೇ ಬಿಡ್ತು: "ಸರ್, ಇದು ನಮ್ಮ ಜರ್ನಲ್ ಅಲ್ವಾ?"

ಫಸ್ಟ್ ಪಿಯುಸಿ ನೆನಪಿದೆಯಾ? ಮೊದಲು ಜರ್ನಲ್, ಆಮೇಲೆ ಲೆಡ್ಜರ್‌ಗೆ ಪೋಸ್ಟಿಂಗ್. ಲೆಡ್ಜರ್ ಹಾಳಾದ್ರೂ ಜರ್ನಲ್ ಇದ್ರೆ ಮತ್ತೆ ಬರೀಬಹುದು. ಸರ್ ನಕ್ಕು, "ಫೈಲ್ ಸಿಸ್ಟಂಗಳಲ್ಲಿ ಇದಕ್ಕೆ ಜರ್ನಲ್ ಅಂತಾನೇ ಹೆಸರು" ಅಂದ್ರು.

ಖುಷಿ ಉಳಿದಿದ್ದು ಅರ್ಧ ಗಂಟೆ ಅಷ್ಟೇ. ಪ್ರಾಕ್ಟೀಸಲ್ಲಿ ಒಬ್ಬ ಗ್ರಾಹಕರ ಫೋನ್ ನಂಬರ್ ತಿದ್ದೋಕೆ ಅಪ್‌ಡೇಟ್ ಬರೆದೆ, ವೇರ್ ಹಾಕೋದು ಮರೆತೆ. 200 ಜನಕ್ಕೂ ಒಂದೇ ನಂಬರ್! ರೋಲ್‌ಬ್ಯಾಕ್ ಅಂತ ಹೊಡೆದೆ. ಬಿಗಿನ್ ಕೊಟ್ಟೇ ಇರಲಿಲ್ಲ, ಹಾಗಾಗಿ ತಾನೇ ಕಮಿಟ್ ಆಗಿತ್ತು.

ನೋಡಿ, ಲಾಗ್ ನನ್ನ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಬರೆದುಕೊಂಡಿತ್ತು. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆದ್ರೂ ಎರರ್ ಆಫ್ ಪ್ರಿನ್ಸಿಪಲ್ ಒಳಗೇ ಕೂತಿರುತ್ತಲ್ಲ, ಹಾಗೆ. ಕೊನೆಗೆ ಬೆಳಗ್ಗೆ ತೆಗೆದಿಟ್ಟ ಬ್ಯಾಕಪ್ಪೇ ಕಾಪಾಡಿದ್ದು.

"ಕಷ್ಟ ಆಗಲ್ವಾ" ಅಂದಿದ್ದವರೇ ಪಕ್ಕಕ್ಕೆ ಬಂದು ರಿಸ್ಟೋರ್ ಮಾಡೋದು ತೋರಿಸಿದ್ರು. "ಆಫೀಸಲ್ಲಿ ನಾನೂ ಇದನ್ನೇ ಮಾಡಿದ್ದೆ, ಲೈವ್ ಡೇಟಾ ಮೇಲೆ" ಅಂದ್ರು, ಮೆಲ್ಲಗೆ.

ಹೌದು, ಕಷ್ಟ ಆಗ್ತಿದೆ. ಆದ್ರೆ ಕಾಮರ್ಸ್ ಓದಿದ್ದಕ್ಕೆ ಅಲ್ಲ. ನೀವೂ ಎಲ್ಲಾದ್ರೂ "ನಾನಿಲ್ಲಿ ಸೇರಿದವಳಲ್ಲ" ಅಂತ ಬಾಯಿ ಮುಚ್ಚಿ ಕೂತಿದ್ರೆ, ಈ ವಾರ ಒಂದೇ ಒಂದು ಡೌಟ್ ಕೇಳಿ.

ಮತ್ತೆ ಮೊದಲು ಬಿಗಿನ್ ಹೊಡೀರಿ, ಪ್ಲೀಸ್ 🙏

ಭಾಗ 4 ಮುಂದಿನ ಭಾನುವಾರ.

#ಶನಿವಾರದಕ್ಲಾಸು #ಬಿಕಾಂ #ಡೇಟಾಬೇಸ್